ಹೇರೋಹಳ್ಳಿಯಲ್ಲಿ ಹಾವು ಕಾದ ಮಧ್ಯಾಹ್ನ

ಬೆಂಗಳೂರಿಗೆ ಬಂದು ನಾಲ್ಕು ತಿಂಗಳಾದರೂ, ಗ್ಯಾಸ್ ಸಿಲಿಂಡರ್ ತರುವವರನ್ನು ಬಿಟ್ಟರೆ ನಮ್ಮ ಮನೆಯ ಬಾಗಿಲನ್ನು ಯಾರೂ ತಟ್ಟಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೊದಲ ಬಾರಿಗೆ ನೆರೆಯವರೊಬ್ಬರು ಬಂದರು. ತಟ್ಟುವಷ್ಟು ಸಮಾಧಾನ ಅವರಿಗಿರಲಿಲ್ಲ, ಮುಷ್ಟಿ ಕಟ್ಟಿ ಗುದ್ದುತ್ತಿದ್ದರು. ತೆರೆದರೆ ಕೆಳಗಿನ ಮನೆಯ ಪ್ರಕಾಶ್. ಬನಿಯನ್ನು, ಬರ್ಮುಡಾ, ಬರಿಗಾಲು, ಕೈಯಲ್ಲೊಂದು ಉದ್ದನೆಯ ಪಿವಿಸಿ ಪೈಪು.

“ಸಾರ್, ಬೇಗ ಬನ್ನಿ. ಹಾವು ಬಂದಿದೆ. ಹೊಡೀಬೇಕು.”

“ನಾನಾ?”

“ನಿಮ್ ಕಡೆ ಇದೆಲ್ಲ ಮಾಮೂಲಿ ಅಲ್ವಾ ಸಾರ್? ಹುಬ್ಬಳ್ಳಿಯೋರು ನೀವು!”

ನಾನು ಹುನಗುಂದದ ಕಡೆಯವನು. ನಮ್ಮೂರಿನಿಂದ ಹುಬ್ಬಳ್ಳಿ ಮುಟ್ಟಲು ಅರ್ಧ ದಿನ ಹಿಡಿಯುತ್ತದೆ ಎಂಬುದು ಊರಲ್ಲಿ ಕೂತು ಇದನ್ನು ಓದುವ ನಿಮಗೆ ಗೊತ್ತು. ಇಲ್ಲಿನವರಿಗೆ ದಾವಣಗೆರೆ ದಾಟಿದ ಮೇಲೆ ಇರುವುದೆಲ್ಲ ಹುಬ್ಬಳ್ಳಿಯೇ. ಅದರ ಮೇಲೆ ನನಗೆ ಆರಡಿ ಎತ್ತರ, ದಪ್ಪ ಮೀಸೆ, ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಕೆಲಸ. ಹಾವು ಹೊಡೆಯಲೆಂದೇ ಹುಟ್ಟಿದವನಂತೆ ಪ್ರಕಾಶ್ ಕಣ್ಣಿಗೆ ಕಂಡಿರಬೇಕು. ನಿಜ ಹೇಳಬೇಕೆಂದರೆ ನಾನು ಅಲ್ಲಿಯವರೆಗೆ ಹಲ್ಲಿಯನ್ನೂ ಹೊಡೆದವನಲ್ಲ. ಆದರೆ ಇಷ್ಟು ದಿನಕ್ಕೆ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದರಲ್ಲ! ಆ ಖುಷಿಯಲ್ಲಿ ಪೈಪು ಇಸಿದುಕೊಂಡುಬಿಟ್ಟೆ.

ಹಾವಿನ ಬಳಿ ಹೋಗುವ ಮುಂಚೆ ಈ ಖುಷಿಗೆ ಕಾರಣ ಹೇಳಬೇಕು.

ಬೆಂಗಳೂರಿನಲ್ಲಿ ಮೊದಲು ಕೆಲಸ ಸಿಕ್ಕಿದ್ದು ನನ್ನ ಹೆಂಡತಿ ಸರೋಜಾಗೆ, ವಿಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅವಳ ಹಿಂದೆ ಟ್ರಂಕು ಹೊತ್ತುಕೊಂಡು ನಾನು ಬಂದೆ. ಬಸವೇಶ್ವರನಗರದ ಒಂದು ಖಾಸಗಿ ಶಾಲೆ ನನ್ನ ಮೀಸೆ ನೋಡಿಯೇ ಕೆಲಸ ಕೊಟ್ಟಿತೆಂದು ಸರೋಜಾ ಈಗಲೂ ಆಡಿಕೊಳ್ಳುತ್ತಾಳೆ. ವಿಜಯನಗರ, ಗೋವಿಂದರಾಜನಗರ ಎಲ್ಲ ಸುತ್ತಿ, ಬಾಡಿಗೆ ಕೇಳಿ ಕೇಳಿ ಹಿಂದಕ್ಕೆ ಸರಿಯುತ್ತಾ ಕೊನೆಗೆ ಹೇರೋಹಳ್ಳಿಯಲ್ಲಿ ನೆಲೆ ನಿಂತೆವು. ಹೆಸರಿನಲ್ಲಿ ಹಳ್ಳಿ ಇದೆಯೆಂದು ಸಮಾಧಾನಪಟ್ಟುಕೊಂಡಿದ್ದೆ. ಬಂದು ನೋಡಿದರೆ ಮೂರು ಮಹಡಿಯ ಮನೆಗಳು, ಪೈಪು ಹಾಕಲೆಂದು ಅಗೆದು ಮರೆತ ರಸ್ತೆ, ನಡುನಡುವೆ ಖಾಲಿ ಸೈಟುಗಳು. ನಾವು ‘ಪ್ಲಾಟು’ ಅನ್ನುವುದನ್ನು ಇಲ್ಲಿ ‘ಸೈಟು’ ಅನ್ನುತ್ತಾರೆ. ಸೈಟು ಖಾಲಿ ಇದೆ ಎಂದರೆ ಮನೆ ಇಲ್ಲ ಎಂದಷ್ಟೇ ಅರ್ಥ. ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಒಡೆದ ಟೈಲ್ಸು, ಹಳೆಯ ಕಮೋಡು, ಎದೆಯೆತ್ತರದ ಪಾರ್ಥೇನಿಯಂ, ಬೆಕ್ಕಿಗೂ ಹೆದರದ ಇಲಿಗಳು ಇದ್ದವು.

ನಮ್ಮ ಮನೆ ಮಾಲಕರು ಗೌರಮ್ಮ. ಇಲ್ಲಿ ಮಾಲಕರು ಅನ್ನುವುದಿಲ್ಲ, ‘ಓನರ್ ಆಂಟಿ’ ಅನ್ನಬೇಕು. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಈಗ ಅವರ ಪಾಲಿಗೆ ಉಳಿದಿರುವುದು ನಾವಿರುವ ಕಟ್ಟಡ ಮತ್ತು ಅದರ ಮುಂದಿನ ಒಂದು ಸೀಬೆಗಿಡ. ನೈಟಿಯ ಮೇಲೊಂದು ಟವಲ್ ಹೊದ್ದು ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಕಣ್ಣಿಗೆ ಬಿದ್ದರೆ, “ತಿಂಡಿ ಆಯ್ತಾ ಮೇಷ್ಟ್ರೇ?” ಅನ್ನುತ್ತಿದ್ದರು. ನಾನು ನಿಂತು, ಏನು ತಿಂದೆ, ಯಾಕೆ ತಡವಾಯಿತು ಎಂದೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ‘ನಾಷ್ಟಾ ಆತೇನ್ರಿ’ ಎಂದು ಕೇಳಿದವರು ಕಟ್ಟೆಯ ಮೇಲೆ ಕೂತು ಉತ್ತರ ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಆ ಪ್ರಶ್ನೆಗೆ ‘ಆಯ್ತು’ ಎಂಬ ಒಂದೇ ಉತ್ತರ, ಹಸಿದಿದ್ದರೂ ಸೈ. ಇದನ್ನು ಕಲಿಯಲು ನನಗೆ ತಿಂಗಳೇ ಬೇಕಾಯಿತು.

ಶಾಲೆಯಲ್ಲೂ ಅದೇ ಕತೆ. “ಜೋರ್ ಓಡ್ರಲೇ” ಎಂದರೆ ಮಕ್ಕಳು ಓಡುವುದನ್ನು ಬಿಟ್ಟು ನಗಲು ನಿಲ್ಲುತ್ತಿದ್ದವು. ಸಂಜೆ ಸರೋಜಾ ಬರುವವರೆಗೆ ನನ್ನ ಜೊತೆ ಮಾತಾಡಲು ಮಿಕ್ಸಿಯ ಸದ್ದೊಂದೇ. ಅಷ್ಟೊಂದು ಜನರ ನಡುವೆ ಹೀಗೆ ಒಂಟಿಯಾಗಿರುವುದು ನನಗೆ ಹೊಸದು. ಹಾಗಾಗಿಯೇ ಆ ಭಾನುವಾರ ಹಾವು ಬಂದಿದೆ ಎಂದಾಗ ಹೆದರಿಕೆಗಿಂತ ಮೊದಲು ಸಂತೋಷವಾದದ್ದು.

ಸಂತೋಷ ಮೆಟ್ಟಿಲಿಳಿಯುವವರೆಗೆ ಇತ್ತು. ಕೊನೆಯ ಮೆಟ್ಟಿಲಿನ ಮೇಲೆ ನಿಂತು, “ಎಲ್ಲೈತ್ರಿ?” ಎಂದು ಕೇಳಿದೆ. ಗೇಟಿನ ಹೊರಗೆ ಸೇರಿದ್ದ ಜನರೆಲ್ಲ ಒಟ್ಟಿಗೆ ನನ್ನ ಕಾಲಿನತ್ತ ಕೈ ತೋರಿಸಿದರು. ಹಾವಿದ್ದದ್ದು ಮೆಟ್ಟಿಲಿನ ಕೆಳಗೆ, ಪ್ರಕಾಶ್ ಮನೆಯ ಚಪ್ಪಲಿ ಸ್ಟ್ಯಾಂಡಿನ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಗೇಟಿನವರೆಗೆ ನಾನು ಹಾರಿದ ರೀತಿಯನ್ನು ನಮ್ಮ ಶಾಲೆಯ ಲಾಂಗ್ ಜಂಪ್ ಹುಡುಗರು ನೋಡಬೇಕಿತ್ತು.

ತಿರುಗಿ ನೋಡಿದೆ. ಗೋಧಿ ಬಣ್ಣದ ದಪ್ಪ ಸುರುಳಿ. ಜನರ ಗದ್ದಲಕ್ಕೆ ಅದು ತಲೆಯೆತ್ತಿ ಹೆಡೆ ಬಿಚ್ಚಿತು. ಕೇರೆ ಇರಬಹುದು ಎಂದುಕೊಂಡವರೆಲ್ಲ ‘ನಾಗರ, ನಾಗರ’ ಎಂದು ಕೂಗಿದರು.

“ಹೊಡೀರಿ ಸಾರ್!” ಪ್ರಕಾಶ್ ಕೂಗಿದರು. ಅವರ ಅವಸರಕ್ಕೆ ಕಾರಣವಿತ್ತು. ಚಪ್ಪಲಿ ಸ್ಟ್ಯಾಂಡಿನಿಂದ ಎರಡು ಮಾರು ದೂರದಲ್ಲಿ ಅವರ ಮನೆಯ ಬಾಗಿಲು. ಒಳಗೆ ಹೆಂಡತಿ ದಿವ್ಯಾ, ಅಂಬೆಗಾಲಿಡುವ ಅವಳಿ ಮಕ್ಕಳು. ದಿವ್ಯಾ ಬಾಗಿಲ ಸಂದಿಗೆ ಬೆಡ್‌ಶೀಟ್ ತುರುಕಿ, ಕಿಟಕಿಯಿಂದ, “ರೀ, ಏನಾಯ್ತು? ಹೋಯ್ತಾ?” ಎಂದು ಕೇಳುತ್ತಲೇ ಇದ್ದರು.

“ಹೊಡೀಬೇಡಿ ಮೇಷ್ಟ್ರೇ!” ಇದು ಗೌರಮ್ಮ. “ನಾಗಪ್ಪ ಅದು. ನನ್ನ ಮನೆ ಅಂಗಳದಲ್ಲಿ ಹೊಡೆಯೋಕೆ ನಾನು ಬಿಡಲ್ಲ.”

“ಆಂಟಿ, ನನ್ನ ಮಕ್ಕಳು ಒಳಗಿದಾರೆ!”

“ನನಗೆ ಗೊತ್ತಿಲ್ವೇನಪ್ಪಾ? ಆ ಮಕ್ಕಳಿಗೆ ದಿನಾ ಎಣ್ಣೆ ನೀರು ಹಾಕೋಳು ನಾನೇ.”

ಇಬ್ಬರೂ ನನ್ನನ್ನು ನೋಡಿದರು. ಜನರೆಲ್ಲ ನೋಡಿದರು. ಹಾವೂ ನೋಡುತ್ತಿತ್ತು. ಕೈಯಲ್ಲಿದ್ದ ಪೈಪು ಗಾಳಿಗೆ ಬಳುಕುತ್ತಿತ್ತು. ಹೊಡೆದರೆ ಗುರಿ ತಪ್ಪುವುದು ಖಂಡಿತ, ತಪ್ಪಿದರೆ ಅದು ಯಾರ ಕಡೆ ನುಗ್ಗುತ್ತದೆಂದು ಹೇಳುವಂತಿಲ್ಲ. ನಾನು ಮೈದಾನದ ದನಿ ತೆಗೆದು ಕೂಗಿದೆ. “ಯಾರೂ ಹೊಡಿಯೂದು ಬ್ಯಾಡ! ಎಲ್ಲಾರೂ ಸರೀರಿ!”

“ಸರಿ ಸಾರ್,” ಎಂದರು ನಾಲ್ಕೈದು ಜನ. ಯಾರೂ ಕದಲಲಿಲ್ಲ.

“ಸರೀರಿ ಅಂದ್ನಲ್ಲ!”

“ಸರಿ ರೀ, ಆಯ್ತು. ಹೊಡೆಯಲ್ಲ,” ಎಂದು ಎದುರು ಮನೆಯ ಹಿರಿಯರೊಬ್ಬರು ನನ್ನನ್ನೇ ಸಮಾಧಾನಪಡಿಸಿದರು. ಇಲ್ಲಿ ಆ ಮಾತಿಗೆ ‘ಆಗಲಿ’ ಎಂಬ ಅರ್ಥವೊಂದೇ ಎಂದು ನನಗೆ ಹೊಳೆಯುವಷ್ಟರಲ್ಲಿ ಮಹಡಿಯಿಂದ ಸರೋಜಾ ಕೂಗಿದಳು. “ಹಿಂದೆ ಹೋಗಿ ಅಂತ ಹೇಳಾಕತ್ತಾರ್ರೀ ಅವರು! ಹಿಂದೆ, ಹಿಂದೆ!” ಆಗ ಎಲ್ಲರೂ ಬೀದಿಯ ಆಚೆ ಬದಿಗೆ ಹೋಗಿ ನಿಂತರು.

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾವು ಹಿಡಿಯುವವರ ನಂಬರ್ ಹಾಕಿದರು. ಸರೋಜಾ ಫೋನ್ ಹಚ್ಚಿದಳು. ಎತ್ತಿದವಳು ಶ್ವೇತಾ ಎಂಬ ಹುಡುಗಿ. ವಾರವಿಡೀ ಯಾವುದೋ ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು, ತರಬೇತಿ ಪಡೆದು ರಜೆಯ ದಿನ ಹಾವು ಹಿಡಿಯುತ್ತಾಳಂತೆ. ನಂದಿನಿ ಲೇಔಟ್‌ನಿಂದ ಹೊರಡುತ್ತೇನೆ, ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ, ಕೆಣಕಬೇಡಿ, ಬಾಗಿಲು ತೆಗೆಯಬೇಡಿ ಎಂದಳು. ಬರಲು ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ, “ಟ್ರಾಫಿಕ್ಕನ್ನ ಕೇಳ್ಬೇಕು ಆಂಟಿ,” ಎಂದು ನಕ್ಕಳು. ಮೂವತ್ತೊಂದಕ್ಕೇ ಆಂಟಿಯಾದ ದುಃಖದಲ್ಲಿ ಸರೋಜಾ ಕೆಳಗೆ ಬಂದಳು. ಮೆಟ್ಟಿಲು ಬಿಟ್ಟು, ಪಕ್ಕದ ಕಟ್ಟಡದ ಮಹಡಿ ದಾಟಿ, ಸುತ್ತು ಬಳಸಿ.

ಹೀಗೆ ನಮ್ಮ ಬೀದಿಯವರು ಒಂದು ಹಾವನ್ನು ಕಾಯಲು ಕೂತೆವು.

ಮೊದಲು ಒಂದು ಪ್ಲಾಸ್ಟಿಕ್ ಕುರ್ಚಿ ಬಂತು, ಗೌರಮ್ಮನವರಿಗೆ. ಆಮೇಲೆ ಎರಡು, ಆಮೇಲೆ ಬೀದಿಯ ಕುರ್ಚಿಗಳೆಲ್ಲ. ಎದುರು ಮನೆಯಿಂದ ಕಾಫಿ ಬಂತು. ಮೂಲೆಮನೆಯವರು ಕಡ್ಲೆಪುರಿ ತಂದರು. ನಮ್ಮ ಚುರಮರಿಗೆ ಇಲ್ಲಿ ಕಡ್ಲೆಪುರಿ ಅನ್ನುತ್ತಾರೆ. ಸರೋಜಾ ಅದನ್ನು ನೋಡಿ ತಡೆಯಲಾರದೆ, ಆ ಮನೆಯ ಅಡುಗೆಕೋಣೆಗೇ ನುಗ್ಗಿ, ಪುರಿಯನ್ನು ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿ ಸೂಸಲಾ ಮಾಡಿ ತಂದಳು. ಪುರಿಯನ್ನು ನೆನೆಸುವುದೇ ಎಂದು ಮೂಗು ಮುರಿದವರು ಪಾತ್ರೆ ಕೆರೆದರು. ಹಾವು ಆಗಾಗ ನಾಲಿಗೆ ಚಾಚುತ್ತಾ ಬಿದ್ದಿತ್ತು.

ಮಾತು ಮತ್ತೆ ಹಾವಿಗೇ ಬಂತು. ಪ್ರಕಾಶ್‌ಗೆ ಕೂರಲಾಗುತ್ತಿರಲಿಲ್ಲ.

“ಆಂಟಿ, ದೇವರು ಅಂತೀರ. ನಾಳೆ ನನ್ನ ಮಗು ಅದರ ಮೇಲೆ ಕೈ ಇಟ್ರೆ ಯಾರು ಹೊಣೆ? ಮನೆಗೆ ಬಂದ ಹಾವನ್ನ ಹೊಡೆಯೋದು ತಪ್ಪು ಅಂತ ಯಾರು ಹೇಳ್ತಾರೋ, ಅವರ ಮನೆಗೆ ಅದನ್ನ ಬಿಡ್ಬೇಕು ನೋಡಿ.”

“ಮನೆಗೆ ಅದು ಬಂದಿದ್ದಾ? ಇಲಿ ಬಂತು, ಅದರ ಹಿಂದೆ ಇದು ಬಂತು,” ಎಂದರು ಗೌರಮ್ಮ. “ಆ ಸೈಟಿಗೆ ಕಸ ಸುರಿದೋರು ಯಾರಪ್ಪಾ? ನಿಮ್ಮ ಅಂಗಡಿ ಒಡೆದ ಟೈಲ್ಸೂ ಅಲ್ಲೇ ಐತೆ.”

ಪ್ರಕಾಶ್ ಗೋವಿಂದರಾಜನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅವರು ನನ್ನ ಕಡೆ ತಿರುಗಿ, “ನೀವೇ ಹೇಳಿ ಸಾರ್. ನಿಮ್ ಊರಲ್ಲಿ ಏನ್ಮಾಡ್ತಾರೆ?” ಎಂದರು.

“ಹೊಡೀತಾರ್ರೀ,” ಎಂದೆ.

ಗೌರಮ್ಮ ನನ್ನತ್ತ ಕಣ್ಣು ಬಿಟ್ಟರು. ಅಷ್ಟು ಹೇಳಿ ಸುಮ್ಮನಾಗುವುದು ಸರಿಯಲ್ಲ ಎನಿಸಿತು. ನಮ್ಮ ಚಿಗವ್ವನ ವಿಷಯ ಹೇಳಿದೆ. ಚಿಗವ್ವ ಎಂದರೆ ಇಲ್ಲಿನವರ ಚಿಕ್ಕಮ್ಮ. ಜೋಳ ಕೊಯ್ದು ಸಾಲಾಗಿ ಹಾಕಿದ್ದ ಹೊಲದಲ್ಲಿ ಸಿವುಡು, ಅಂದರೆ ದಂಟಿನ ಹೊರೆ, ಕಟ್ಟಲು ಬಾಗಿದ್ದಳು. ತಬ್ಬಿದ ದಂಟಿನೊಳಗೆ ನಾಗರಹಾವಿತ್ತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರು. ದವಾಖಾನೆಯ ದಾರಿ ದೂರವಿತ್ತು, ಮುಟ್ಟುವತನಕ ಅವಳು ಉಳಿಯಲಿಲ್ಲ. ನಾನಾಗ ಏಳನೆಯ ಇಯತ್ತೆ ಓದುತ್ತಿದ್ದೆ. ನನಗೆ ಬೆಲ್ಲ ಹಚ್ಚಿದ ರೊಟ್ಟಿಯ ಸುರುಳಿ ಮಾಡಿಕೊಡುತ್ತಿದ್ದ ಕೈ ಅದು, ಸಂಜೆಯ ಹೊತ್ತಿಗೆ ಕಪ್ಪಾಗಿ ಬಾತಿತ್ತು. ಅಂದಿನಿಂದ ನಮ್ಮ ಮನೆತನದಲ್ಲಿ ಹಾವು ಕಂಡರೆ ಬಿಡುವ ಮಾತೇ ಇಲ್ಲ.

ಕಿಟಕಿಯಲ್ಲಿ ದಿವ್ಯಾ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಪ್ರಕಾಶ್ ಮೆಲ್ಲಗೆ ಕೇಳಿದರು. “ಮತ್ತೆ ನೀವ್ಯಾಕೆ ಹೊಡೀಲಿಲ್ಲ ಸಾರ್? ಪೈಪು ಕೈಯಲ್ಲೇ ಇತ್ತಲ್ಲ.”

“ಹೆದರಿಕಿ ಆತ್ರೀ.”

ಮೊದಲು ನಕ್ಕವರು ಗೌರಮ್ಮ. ಟವಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ, “ಅಯ್ಯೋ ನನ್ನಪ್ಪಾ, ಈ ಮೀಸೆ ಇಟ್ಕೊಂಡು!” ಎಂದರು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಪ್ರಕಾಶ್ ಕೂಡ ನಗುತ್ತಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. “ನನಗೂ ಅಷ್ಟೇ ಸಾರ್. ಅದಕ್ಕೇ ನಿಮ್ಮನ್ನ ಕರೆಯೋಕೆ ಬಂದಿದ್ದು.”

ಆ ನಗುವಿನ ನಂತರ ಯಾರೂ ಹಾವಿನ ವಿಷಯಕ್ಕೆ ಜಗಳವಾಡಲಿಲ್ಲ. ಎದುರು ಮನೆಯ ಹಿರಿಯರು ಮಾಗಡಿಯಿಂದ ಇಲ್ಲಿಗೆ ಬಂದ ಕತೆ ಹೇಳಿದರು. ಪ್ರಕಾಶ್ ಶಿರಾದವರೆಂದು ತಿಳಿಯಿತು. ಬೀದಿಯಲ್ಲಿ ಕೂತವರ ಪೈಕಿ ಇದೇ ಊರಿನವರು ಗೌರಮ್ಮ ಒಬ್ಬರೇ! ನಾನು ಆಗಲೇ ಪೈಪು ಬೀಸಿ ಹಾವು ಸತ್ತಿದ್ದರೆ ಎಲ್ಲರೂ ‘ಥ್ಯಾಂಕ್ಸ್ ಸಾರ್’ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾವು ಬದುಕಿದ್ದಕ್ಕೆ ನಾವು ಅಲ್ಲಿ ಕೂರಬೇಕಾಯಿತು.

ಶ್ವೇತಾ ಬಂದಾಗ ಬಿಸಿಲು ಇಳಿದಿತ್ತು. ಮೊದಲು ಹಿಂದಿನ ಬೀದಿಗೆ ಹೋಗಿ, ಅಲ್ಲಿಯ ಅಗೆದ ಗುಂಡಿಯಲ್ಲಿ ಸ್ಕೂಟರ್ ಸಿಕ್ಕಿಸಿಕೊಂಡು, ಬೆವರಿ ತೊಪ್ಪೆಯಾಗಿ ಬಂದಳು. ಬಂದವಳೇ ನೀರು ಕೇಳಿದಳು. ಕುಡಿದು, ಕೊಕ್ಕೆಯ ಕೋಲು ತೆಗೆದು, ಚಪ್ಪಲಿ ಸ್ಟ್ಯಾಂಡನ್ನು ಮೆಲ್ಲಗೆ ಎಳೆದಳು. ಅದರ ಕಾಲು ಮುರಿದು ಇಡೀ ಸ್ಟ್ಯಾಂಡು ದಡಾರನೆ ಬಿತ್ತು. ಹಾವು ಭುಸ್ಸೆಂದು ಅಂಗಳದ ನಡುವೆ ಎದ್ದು ನಿಂತಿತು. ಮುಂದಿನದು ಎಲ್ಲ ಒಂದೇ ಸಲ ಆಯಿತು. ಪ್ರಕಾಶ್ ನನ್ನ ಬೈಕಿನ ಸೀಟಿನ ಮೇಲೆ ನಿಂತಿದ್ದರು. ಕುರ್ಚಿಗಳು ಅಂಗಾತ ಬಿದ್ದಿದ್ದವು. ನಾನು ಎಲ್ಲಿದ್ದೇನೆಂದು ನೋಡಿಕೊಂಡರೆ ಗೌರಮ್ಮನವರ ಬೆನ್ನ ಹಿಂದಿದ್ದೆ. ಶ್ವೇತಾ ಕೂಡ ಎರಡು ಹೆಜ್ಜೆ ಹಿಂದಕ್ಕೆ ಹಾರಿ, “ಅಮ್ಮಾ!” ಎಂದು ಕೂಗಿದ್ದು ನನಗೆ ಕೇಳಿಸಿತು. ಅದರಿಂದ ನನಗೆ ಬಹಳ ಸಮಾಧಾನವಾಯಿತು. ಆಮೇಲೆ ಅವಳು ಸಾವರಿಸಿಕೊಂಡು, ತಾನು ತಂದ ದಪ್ಪ ಪೈಪಿನ ಬಾಯಿಗೆ ಕಟ್ಟಿದ ಚೀಲವನ್ನು ಮುಂದಿಟ್ಟು, ಕೊಕ್ಕೆಯಿಂದ ದಾರಿ ತೋರಿಸಿ, ಹಾವು ತಾನಾಗಿ ಒಳಗೆ ಹೋಗುವಂತೆ ಮಾಡಿದಳು.

ಬಾಗಿಲು ತೆರೆಯಿತು. ಪ್ರಕಾಶ್ ಬೈಕಿನಿಂದ ಇಳಿದು ಒಳಗೋಡಿ ಎರಡೂ ಮಕ್ಕಳನ್ನು ಎರಡು ತೋಳಲ್ಲಿ ಎತ್ತಿಕೊಂಡು ಬಂದರು. ಅವರ ಕಣ್ಣು ತುಂಬಿತ್ತು. ಒಂದು ಮಗುವನ್ನು ಯಾರಿಗಾದರೂ ಕೊಡಬೇಕೆನಿಸಿತೇನೋ, ನನ್ನ ಕೈಗೆ ಕೊಟ್ಟರು. ಅದು ನೇರವಾಗಿ ನನ್ನ ಮೀಸೆಗೆ ಕೈ ಹಾಕಿತು.

ಗೌರಮ್ಮ ಲೋಟದಲ್ಲಿ ಹಾಲು ತಂದಿದ್ದರು. “ಚೀಲಕ್ಕೆ ಒಂದು ತೊಟ್ಟು ಹಾಕ್ಲಾ ಮಗಾ?”

“ಬೇಡಮ್ಮ, ಅದು ಹಾಲು ಕುಡಿಯಲ್ಲ.”

“ಹಂಗಾದ್ರೆ ನೀನೇ ಕುಡಿ. ಬಿಸಿಲಲ್ಲಿ ಬಂದಿದೀಯ.” ಶ್ವೇತಾ ನಿಂತಲ್ಲೇ ಕುಡಿದಳು.

ಮುಂದಿನ ಭಾನುವಾರ ಪ್ರಕಾಶ್ ಅಂಗಡಿಯ ಟೆಂಪೊ ತಂದರು. ಬೀದಿಯವರೆಲ್ಲ ಸೇರಿ ಪಕ್ಕದ ಸೈಟಿನ ಕಸವನ್ನೆಲ್ಲ ಬಳಿದು ತುಂಬಿದೆವು. ಈಗ ನಮ್ಮ ಬಾಗಿಲನ್ನು ದಿನಕ್ಕೆ ಎಷ್ಟು ಜನ ತಟ್ಟುತ್ತಾರೋ ಲೆಕ್ಕವಿಲ್ಲ. ನೀರಿನ ಟ್ಯಾಂಕರ್ ಬಂದರೆ, ಸ್ವಿಚ್‌ಬೋರ್ಡಿನಲ್ಲಿ ಜಿರಳೆ ಕಂಡರೆ, ಮಕ್ಕಳನ್ನು ಓಟದ ಸ್ಪರ್ಧೆಗೆ ಸೇರಿಸಬೇಕಾದರೆ ‘ಹುಬ್ಬಳ್ಳಿ ಸಾರ್’ ಬೇಕು. ತಿದ್ದುವುದನ್ನು ನಾನೂ ಬಿಟ್ಟಿದ್ದೇನೆ. ಗೌರಮ್ಮ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಹೇಳಿಕೊಟ್ಟರು. ಮೊದಲ ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವರು ಭಕ್ತಿಯೆಂದು ತಿಳಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಬರಹ ಸುಖವಾಗಿ ಮುಗಿಯುತ್ತಿತ್ತು. ಆದರೆ ಈ ಸಲ ಜೋಳದ ಸುಗ್ಗಿಗೆ ಊರಿಗೆ ಬಂದಿದ್ದೆನಲ್ಲ, ಆಗಿನದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ.

ಬೆಳಗಿನ ಹೊತ್ತು. ಕೆಲಸದ ಹೆಣ್ಣುಮಕ್ಕಳು ಬುತ್ತಿ ಗಂಟು ಇಳಿಸಿ ಹೊಲಕ್ಕೆ ಇಳಿಯಬೇಕು, ಅಷ್ಟರಲ್ಲಿ ಬದುವಿನ ಪಕ್ಕದ ಸಾಲಿನಲ್ಲಿ ನಾಗರಹಾವು. ಅವ್ವ ಬಡಿಗೆ ಎತ್ತಿಕೊಂಡಳು. ನಾನು ಅಡ್ಡ ಹೋದೆ.

“ನಿಂದರ್ಬೇ ಅವ್ವಾ. ಹಿಡಿಯಾವ್ರು ಇರ್ತಾರ. ಫೋನ್ ಹಚ್ತೀನಿ.”

“ಹಚ್ಚಪಾ.”

ನಿಜವಾಗಿ ಹಚ್ಚಿದೆ. ಬದುವಿನ ಮೇಲೆ ಹತ್ತಿ ನಿಂತು, ಸಿಗ್ನಲ್ ಹುಡುಕಿ, ಮೂರು ಜನರನ್ನು ಕೇಳಿ ಒಬ್ಬರನ್ನು ಹಿಡಿದೆ. ಅವರು ಬಾಗಲಕೋಟೆಯ ಆಚೆಗಿದ್ದರು. ಮಧ್ಯಾಹ್ನದ ಮೇಲೆ ಬರುತ್ತೇನೆಂದರು. ಅಷ್ಟರಲ್ಲಿ ಹಾವು ಕೊಯ್ದ ದಂಟಿನೊಳಗೆ ಸರಿಯಲು ಶುರುಮಾಡಿತ್ತು. ಆ ದಂಟನ್ನು ತಬ್ಬಿ ಸಿವುಡು ಕಟ್ಟಬೇಕಾದವರು ಅಲ್ಲಿ ನಿಂತಿದ್ದರು. ಅವರಲ್ಲಿ ಚಿಗವ್ವನ ಮಗಳು ಮಂಜವ್ವನೂ ಇದ್ದಳು. ಅವಳು ನನ್ನನ್ನೇ ನೋಡಿದಳು. ನಾನು ಪಕ್ಕಕ್ಕೆ ಸರಿದೆ.

ಅವ್ವನ ಏಟು ಒಂದೇ. ಆಮೇಲೆ ಅವಳೇ ಸಗಣಿಯ ಕುಳ್ಳು ಒಟ್ಟಿ, ಹಾವಿನ ಮೇಲೆ ತುಪ್ಪ ಬಿಟ್ಟು ಸುಟ್ಟಳು. ಸೆರಗು ತಲೆಯ ಮೇಲೆ ಹೊದ್ದು, ಕೈ ಮುಗಿದು, “ತಪ್ಪಾತಪಾ,” ಎಂದಳು. ಹೆಣ್ಣುಮಕ್ಕಳು ಹೊಲಕ್ಕಿಳಿದರು. ಆ ಬೆಳಿಗ್ಗೆ ಅವ್ವನಿಗೆ ನೀನು ಮಾಡಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಸರಿ ಎನ್ನಲೂ ಬರಲಿಲ್ಲ. ಹೊಡೆಯಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ, ಹಿಡಿಯುವವರು ಬರುವತನಕ ದೂರ ಸರಿದು ಕಾಯಲು ಆಗುವವರೆಲ್ಲ ಕಾಯಬೇಕು ಎನ್ನುತ್ತೇನೆ. ಕಾಯಲು ಆಗದವರ ಮುಂದೆ ನಿಂತು ಮಾತಾಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಸಂಜೆ ಗೌರಮ್ಮನ ಫೋನ್ ಬಂತು. ನಾನು ಅಂಗಳದಲ್ಲಿ ಅವ್ವನ ಪಕ್ಕ ಕೂತಿದ್ದೆ. ಮುಚ್ಚಿಡಲು ಮನಸ್ಸಾಗಲಿಲ್ಲ, ಎಲ್ಲ ಹೇಳಿದೆ.

“ಮೇಷ್ಟ್ರೇ,” ಎಂದರು ಗೌರಮ್ಮ, “ರಾಗಿ ಕುಯ್ಯೋ ಕಾಲದಲ್ಲಿ ನಮ್ಮತ್ತೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆಯೋರು. ಹೊಲ ಹೋದ್ಮೇಲೆ ತಾನೇ ನಮಗೆ ಇಷ್ಟೊಂದು ಕರುಣೆ ಬಂದಿದ್ದು. ನಿಮ್ಮ ತಾಯೀನ ಏನೂ ಅನ್ಬೇಡಿ. ಕೊಡಿ ಅವರಿಗೆ.”

ಸ್ಪೀಕರ್ ಹಾಕಿ ಫೋನನ್ನು ನಡುವೆ ಇಟ್ಟೆ. ಇಬ್ಬರು ಮುದುಕಿಯರು ಹಾವಿನಿಂದ ಶುರುಮಾಡಿ, ಬೆನ್ನುನೋವು, ಮಳೆ, ಮೆಣಸಿನಕಾಯಿ ದಾಟಿ ಸೊಸೆಯಂದಿರವರೆಗೆ ಬಂದರು. ಇಬ್ಬರದೂ ಕನ್ನಡವೇ. ಆದರೂ ಸ್ವಲ್ಪ ಎನ್ನಲು ಗೌರಮ್ಮ ‘ಒಸಿ’ ಅಂದರೆ ಅವ್ವನಿಗೆ ತಿಳಿಯದು, ಅವ್ವ ‘ತುಸು’ ಅಂದರೆ ಅವರಿಗೆ ತಿಳಿಯದು. ನಾನು ನಡುವೆ ಕೂತು, ಈ ಕನ್ನಡವನ್ನು ಆ ಕನ್ನಡಕ್ಕೆ, ಆ ಕನ್ನಡವನ್ನು ಈ ಕನ್ನಡಕ್ಕೆ ಮಾಡಿ ದಾಟಿಸುತ್ತಿದ್ದೆ. ಇಬ್ಬರಿಗೂ ನಗು, ನನಗೆ ಬಾಯಿ ಒಣಗುವಷ್ಟು ಕೆಲಸ.

ಕೊನೆಗೆ ಅವ್ವ ಹೇಳಿದಳು. “ನಮ್ಮ ಹುಡುಗನ್ನ ಚಂದಂಗ ನೋಡ್ಕೋರಿ ತಾಯಿ. ಇನ್ನೊಂದ್ ನಾಕ್ ದಿನ ಇಲ್ಲೇ ಇಟ್ಕೊಂಡು ಕಳಸ್ತೀನಿ.”

ಅದನ್ನು ದಾಟಿಸಿದೆ.

“ಅಯ್ಯೋ, ಅಷ್ಟು ದಿನ ಯಾಕಮ್ಮಾ?” ಎಂದರು ಗೌರಮ್ಮ. “ಬೀದಿ ಬಿಕೋ ಅಂತೈತೆ. ನಮ್ಮ ಮೇಷ್ಟ್ರನ್ನ ಬಿರ್‍ರನೆ ಮನೆಗೆ ಕಳಿಸಿಬಿಡಿ.”

“ಏನಂದ್ಳೋ ಆಕಿ?” ಅವ್ವ ನನ್ನ ಮುಖ ನೋಡಿದಳು.

ಅದೊಂದನ್ನು ಮಾತ್ರ ನಾನು ಅವ್ವನಿಗೆ ದಾಟಿಸಲಿಲ್ಲ.